ಮೊರಕ್ಕೆ ಸಿಕ್ಕಿಬಿದ್ದ ಕಬ್ಬಿಣ

ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿಯಲ್ಲಿ ನಮ್ಮತ್ತೆ ಸೊಸೈಟಿ ಅಕ್ಕಿ ಕೇರುತ್ತಾ ಕೂತಿದ್ದರು. ಮೊರದ ಅಂಚಿಗೆ ಒಂದಷ್ಟು ಕಾಳು ಬೇರೆ ಸರಿಸಿದ್ದರು. ಮಿಕ್ಕವಕ್ಕಿಂತ ಮಸುಕು, ತುಸು ಹಳದಿ. ‘ನೋಡಪ್ಪ, ಇದೆಲ್ಲ ಪ್ಲಾಸ್ಟಿಕ್ಕು. ತೊಳೆಯೋವಾಗ ತೇಲ್ತವೆ’ ಎಂದವರೇ ಅಂಗಳಕ್ಕೆ ಎಸೆದರು. ಕೋಳಿಗಳು ತಕರಾರು ಮಾಡಲಿಲ್ಲ.

ಅತ್ತೆ ಎಸೆದದ್ದು ಪ್ಲಾಸ್ಟಿಕ್ಕಲ್ಲ, ಕಬ್ಬಿಣ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಶಾವಿಗೆಯಂತೆ ಯಂತ್ರದಲ್ಲಿ ಒತ್ತಿ, ಕಾಳಿನ ಆಕಾರಕ್ಕೆ ಕತ್ತರಿಸಿ, ನೂರಕ್ಕೆ ಒಂದರಂತೆ ಮಾಮೂಲಿ ಅಕ್ಕಿಗೆ ಸೇರಿಸಿದರೆ ಅದು ಸಾರವರ್ಧಿತ ಅಕ್ಕಿ. 2021ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಘೋಷಿಸಿದ ಯೋಜನೆ ಇದು. ಉದ್ದೇಶವನ್ನು ಹಳಿಯುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರ ಪೈಕಿ ಶೇ. 47.8 ಮಂದಿಗೆ ರಕ್ತಹೀನತೆಯಿತ್ತು.

ಎಡವಟ್ಟಿರುವುದು ಆ ಕಾಳಿನಲ್ಲೇ. ಅಯೋಡಿನ್ ಉಪ್ಪು ಗೆದ್ದದ್ದು ಕಣ್ಣಿಗೆ ಕಾಣದೆ. ಉಪ್ಪಿನಿಂದ ಅಯೋಡಿನ್ ಆರಿಸಿ ಎಸೆಯಲು ಯಾವ ಮೊರವೂ ಇಲ್ಲ. ಇಲ್ಲಿ ಸೇರಿಸಿದ್ದೆಲ್ಲ ಒಂದೇ ಕಾಳಿನೊಳಗೆ ಕೂತಿದೆ. ಕಲ್ಲು, ನೆಲ್ಲು ಆರಿಸಿ ಪಳಗಿದ ಕೈ ಅದನ್ನು ಬಿಟ್ಟೀತೆ?

ಇನ್ನೊಂದು ತಕರಾರು ತಟ್ಟೆಯದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಕಬ್ಬಿಣ 0.65 ಮಿಲಿಗ್ರಾಂ, ರಾಗಿಯಲ್ಲಿ 4.6. ಸತು ಅಕ್ಕಿಯಲ್ಲಿ 1.2, ರಾಗಿಯಲ್ಲಿ 2.5. ಕಾನೂನಿನ ಪ್ರಕಾರ ಸಾರವರ್ಧಿತ ಅಕ್ಕಿಯ ಕಿಲೋಗೆ ಸೇರಬೇಕಾದ ಕಬ್ಬಿಣ 28ರಿಂದ 42.5 ಮಿಲಿಗ್ರಾಂ, ಅಂದರೆ ನೂರು ಗ್ರಾಮಿಗೆ ಹೆಚ್ಚೆಂದರೆ ನಾಲ್ಕು ಚಿಲ್ಲರೆ. ಇಷ್ಟೆಲ್ಲ ಯಂತ್ರ ತಿರುಗಿಸಿ ಅಕ್ಕಿ ಬಂದು ನಿಂತದ್ದು ನೆಲಮಂಗಲ, ಹೊಸಕೋಟೆಯ ಹೊಲದ ರಾಗಿ ಮೊದಲಿನಿಂದಲೂ ನಿಂತಿರುವ ಜಾಗದ ಹತ್ತಿರಕ್ಕೆ.

ಹಾಗಂತ ರಾಗಿಗೆ ಜೈ ಎಂದು ಏಳುವುದೂ ಅವಸರವೇ. ಸಿರಿಧಾನ್ಯದ ಭಾಷಣಗಳು ಕೋಷ್ಟಕ ಓದಿ ಮುಗಿಯುತ್ತವೆ. ಹೊಟ್ಟೆ ಕೋಷ್ಟಕ ಓದುವುದಿಲ್ಲ. ರಾಗಿಯ ಫೈಟಿಕ್ ಆಮ್ಲ ಕಬ್ಬಿಣ, ಸತುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಕೆಂಪು ಸಿಪ್ಪೆಯ ಒಗರೂ ಅದಕ್ಕೆ ಜೊತೆಗೂಡುತ್ತದೆ. ಮೊಳಕೆ ಕಟ್ಟಿ ಬೀಸಿದರೆ, ಹುಳಿಸಿ ಅಂಬಲಿ ಕಾಯಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಮಕ್ಕಳಿಗೆ ಮೊಳಕೆ ರಾಗಿಯ ಸರಿ ಮಾಡುತ್ತಿದ್ದ ಅಜ್ಜಿಯರಿಗೆ ಫೈಟಿಕ್ ಆಮ್ಲದ ಹೆಸರು ಗೊತ್ತಿರಲಿಲ್ಲ, ಅಷ್ಟೆ. ಬಿ12 ಮಾತ್ರ ರಾಗಿಯಲ್ಲಿಲ್ಲ. ಮೊಟ್ಟೆ, ಮಾಂಸ ಮುಟ್ಟದ, ಹಾಲಿಗೂ ಬಡತನವಿರುವ ಮನೆಗೆ ಅತ್ತೆ ಎಸೆದ ಕಾಳು ನಿಜಕ್ಕೂ ಬೇಕು.

ಜೊತೆಗೆ ಏನು ತಿನ್ನುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಿ ಜೀವಸತ್ವವಿದ್ದರೆ ಕಾಳು, ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಭೌಗೋಳಿಕ ಗುರುತು ಪಡೆದ ದೇವನಹಳ್ಳಿ ಚಕ್ಕೋತದ ನಾಲ್ಕು ತೊಳೆ ಸಾಕು. ಊಟದ ಬೆನ್ನಿಗೇ ಕಾಫಿ ಕುಡಿದರೆ ಉಲ್ಟಾ.

ಸಾರವರ್ಧಿತ ಅಕ್ಕಿಯ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ತೂಗಿದ 2019ರ ಕಾಕ್ರೇನ್ ಪರಾಮರ್ಶೆ, ರಕ್ತಹೀನತೆಯ ಮೇಲೆ ಅದರ ಪರಿಣಾಮ ಅಲ್ಪ ಅಥವಾ ಇಲ್ಲವೇ ಇಲ್ಲದಿರಬಹುದು ಎಂದಿತು. ಇಷ್ಟು ತೆಳುವಾದ ಆಧಾರದ ಮೇಲೆ ಇಷ್ಟು ದೊಡ್ಡ ಯೋಜನೆ ಕಟ್ಟಿದವರು ಅಡುಗೆ ಮಾಡುವವಳಿಗೆ ಒಂದು ಮಾತು ಹೇಳಬೇಕಿತ್ತು. ಹೇಳುವುದಕ್ಕೆಂದು ಮೂಟೆಯ ಮೇಲೆ ‘ಪ್ಲಸ್ ಎಫ್’ ಗುರುತೇನೋ ಇದೆ. ಅಂಗಡಿಯಲ್ಲಿ ಮೂಟೆ ಬಿಚ್ಚಿ, ತೂಗಿ, ಅತ್ತೆಯ ಚೀಲಕ್ಕೆ ಸುರಿಯುತ್ತಾರೆ. ಗುರುತು ಅಂಗಡಿಯಲ್ಲೇ ಉಳಿಯುತ್ತದೆ.

ಇದನ್ನೆಲ್ಲ ನನಗೆ ತಿಳಿದಷ್ಟು ಅತ್ತೆಗೆ ಹೇಳಿದೆ. ‘ಅಂಗಡಿಯೋನು ಹೇಳಬಾರದಾಗಿತ್ತಾ?’ ಎಂದರು. ಮುದ್ದೆ, ಬಸ್ಸಾರು ಉಂಡು ಕೈತೊಳೆಯುವಷ್ಟರಲ್ಲಿ ಲೋಟದ ತುಂಬ ಕಾಫಿ ಬಂತು. ಬೇಡ ಎನ್ನಲು ಬಾಯಿ ಬರಲಿಲ್ಲ.