ರಿಂಗ್‌ಟೋನ್ ನಿಂತ ಮೇಲೆ

2008ರಲ್ಲಿ ಟೀವಿಯಲ್ಲಿ ಒಂದು ಜಾಹೀರಾತು ಬರ್ತಿತ್ತು, ನೆನಪಿದೆಯಾ? ಮದುವೆಮನೆ. ಒಬ್ಬನ ಮೊಬೈಲು ‘ಕಾಂಡೋಮ್ ಕಾಂಡೋಮ್’ ಅಂತ ಹಾಡೋಕೆ ಶುರುಮಾಡುತ್ತೆ, ಅವನಿಗೆ ಮುಜುಗರವೋ ಮುಜುಗರ. ಬಿಬಿಸಿ ವರ್ಲ್ಡ್ ಸರ್ವಿಸ್ ಟ್ರಸ್ಟ್ ಮಾಡಿಸಿದ್ದು. ನಮ್ಮೂರಲ್ಲಿ ಆ ಪದವನ್ನು ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಅದೇ ರಿಂಗ್‌ಟೋನ್ ಹಾಕ್ಕೊಂಡು ನಗಾಡಿದೆವು. ನಗ್ತಾ ನಗ್ತಾ ಪದ ಸಲೀಸಾಯ್ತು. ಅಷ್ಟರ ಮಟ್ಟಿಗೆ ಆ ಜಾಹೀರಾತು ಗೆದ್ದಿತು.

ನನ್ನ ತಕರಾರು ಅದು ನಿಂತ ಜಾಗದ ಬಗ್ಗೆ. ಕಾಂಡೋಮ್ ಬಳಸಿ ಅಂದರು, ಸರಿ. ಬಳಸದೆ ಸೋಂಕು ತಗುಲಿಸಿಕೊಂಡವನು ಎಲ್ಲಿಗೆ ಹೋಗಬೇಕು? ಅದನ್ನು ಹೇಳೋ ಕೆಲಸವನ್ನು ನಾವು ಬಸ್‌ಸ್ಟ್ಯಾಂಡಿನ ಶೌಚಾಲಯದ ಗೋಡೆಗೆ ಬಿಟ್ಟುಕೊಟ್ಟಿದ್ದೇವೆ. ‘ಗುಪ್ತರೋಗಗಳಿಗೆ ಗ್ಯಾರಂಟಿ ಚಿಕಿತ್ಸೆ’ ಅನ್ನೋ ಚೀಟಿ ಇವತ್ತಿಗೂ ಅಲ್ಲಿದೆ.

ನನ್ನ ಹಳೇ ರೂಮ್‌ಮೇಟ್ ಆ ಚೀಟಿ ನೋಡಿಕೊಂಡೇ ಹೋದವನು. ನೋವಿಲ್ಲದ ಒಂದು ಹುಣ್ಣು. ಏನೋ ಪುಡಿ ಕೊಟ್ಟರು, ಕೆಲವು ವಾರದಲ್ಲಿ ಹುಣ್ಣು ಮಾಯ. ‘ಗ್ಯಾರಂಟಿ ಅಂದ್ರೆ ಗ್ಯಾರಂಟಿ ಮಗಾ’ ಅಂದ. ಅದರ ಗುಟ್ಟು ಆಮೇಲೆ ಗೊತ್ತಾಯ್ತು. ಸಿಫಿಲಿಸ್‌ನ ಮೊದಲ ಹುಣ್ಣು ಯಾವ ಔಷಧಿ ಇಲ್ಲದೆಯೂ ಮೂರರಿಂದ ಆರು ವಾರದಲ್ಲಿ ತಾನೇ ಮಾಯುತ್ತೆ. ರೋಗ ಮಾತ್ರ ಒಳಗೇ ಇರುತ್ತೆ. ನಮ್ಮ ಆಫೀಸಿನ ಭಾಷೆಯಲ್ಲಿ, ಎರರ್ ಮೆಸೇಜ್ ಹೋಯ್ತು, ಬಗ್ ಹಾಗೇ ಉಳೀತು.

ಅವನಿಗೆ ಮದುವೆಯಾಯ್ತು. ಎರಡೇ ತಿಂಗಳಿಗೆ ಅಂಗೈಯಲ್ಲಿ ಕೆಂಪು ಕಲೆ. ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ರಕ್ತಪರೀಕ್ಷೆ, ಪೆನಿಸಿಲಿನ್ ಇಂಜೆಕ್ಷನ್. ಡಾಕ್ಟರು ಬೈಯಲಿಲ್ಲ, ‘ಮನೆಯವರನ್ನ ಯಾವಾಗ ಕರ್ಕೊಂಡು ಬರ್ತೀರಿ?’ ಅಂತ ಕೇಳಿದರು. ಅವನು ತಲೆ ತಗ್ಗಿಸಿ ಕೂತ.

ಜಾಹೀರಾತಿನಲ್ಲಿ ಇಲ್ಲದಿದ್ದ ದೃಶ್ಯ ಇದೇ. ಮದುವೆಮನೆಯ ತಮಾಷೆ ತೋರಿಸಿದವರು, ಆಮೇಲೆ ಗಂಡ ಹೆಂಡತಿ ಮುಂದೆ ಕೂತು ಆಡಬೇಕಾದ ಮಾತನ್ನು ತೋರಿಸಲಿಲ್ಲ. ಇಬ್ಬರಿಗೂ ಚಿಕಿತ್ಸೆ ಆಗದಿದ್ದರೆ ಸೋಂಕು ಒಬ್ಬರಿಂದೊಬ್ಬರಿಗೆ ಮತ್ತೆ ಬರುತ್ತೆ. ಗರ್ಭಿಣಿಯಾದರೆ ಸಿಫಿಲಿಸ್ ಮಗುವಿಗೂ ದಾಟಬಹುದು. ಕ್ಲಮಿಡಿಯಾ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಲಕ್ಷಣವೇ ಕಾಣಿಸಲ್ಲ, ಬಿಟ್ಟರೆ ಮಕ್ಕಳಾಗುವುದಕ್ಕೇ ತೊಂದರೆಯಾಗಬಹುದು. ‘ನಂಗೇನೂ ಆಗಿಲ್ವಲ್ಲ’ ಅನ್ನೋದು ಪರೀಕ್ಷೆಗೆ ಬದಲಿ ಅಲ್ಲ.

ಸಿಫಿಲಿಸ್, ಗೊನೊರಿಯಾ, ಕ್ಲಮಿಡಿಯಾ, ಮೂರೂ ಸರಿಯಾದ ಔಷಧಿಗೆ ಗುಣವಾಗುವಂಥವು. ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ನಲ್ಲಿ ಚಿಕಿತ್ಸೆ ಉಚಿತ. ಇದು ಎಷ್ಟು ಜನಕ್ಕೆ ಗೊತ್ತು? ‘ಗುಪ್ತ’ ಅಂತ ಕರೆದಷ್ಟು ದಿನ ಗೋಡೆ ಚೀಟಿಯ ವ್ಯಾಪಾರ ನಡೀತಾನೇ ಇರುತ್ತೆ.

ಹೆಂಡತಿಗೆ ಹೇಳೋಕೆ ಅವನು ನಾಲ್ಕು ದಿನ ತಗೊಂಡ. ಆಕೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾನಾಗೇ ಚಪ್ಪಲಿ ಮೆಟ್ಟಿಕೊಂಡು, ‘ನಡೀರಿ ಆಸ್ಪತ್ರೆಗೆ’ ಅಂದರಂತೆ. ಮುಂದಿನ ಜಾಹೀರಾತು ಯಾರಾದರೂ ಮಾಡೋದಾದ್ರೆ ಇಲ್ಲಿಂದ ಶುರುಮಾಡಲಿ.