ಅನ್ಯದೇಶೀಯ ಸ್ವಯಂಸೇವಕರ ಪೂರ್ವಪರೀಕ್ಷೆ

ಹೆತ್ತವರ ಕೈಯಲ್ಲಿಯೇ ಹಿಂಸೆಗೋ ಉಪೇಕ್ಷೆಗೋ ಗುರಿಯಾಗಿ ನ್ಯಾಯಾಲಯದ ಆಶ್ರಯಕ್ಕೆ ಬಂದ ಮಗುವಿನ ಗತಿಯನ್ನು ನಿರ್ಣಯಿಸುವಾಗ, ಇಲಾಖೆಯ ವರದಿ ಮತ್ತು ವಕೀಲರ ವಾದಗಳ ಜೊತೆಗೆ, ಆ ಮಗುವನ್ನೇ ಕಂಡು ಬಲ್ಲವರೊಬ್ಬರ ಮಾತೂ ಬೇಕೆಂದು ಅಮೆರಿಕದ ಸಿಯಾಟಲ್ ನಗರದ ನ್ಯಾಯಾಧೀಶ ಡೇವಿಡ್ ಸೌಕಪ್ ಅವರಿಗೆ ತೋರಿತು. 1977ರಲ್ಲಿ ಅವರು ತೊಡಗಿಸಿದ, ಇಂದು ‘ಕಾಸಾ’ ಎಂಬ ಹೆಸರಿನಿಂದ ಆ ದೇಶದಲ್ಲೆಲ್ಲ ಹಬ್ಬಿರುವ ವ್ಯವಸ್ಥೆಯಲ್ಲಿ ಸಾಮಾನ್ಯ ಗೃಹಸ್ಥರು ವೇತನವನ್ನಪೇಕ್ಷಿಸದೆ, ಸುಮಾರು 30 ಗಂಟೆಗಳ ಶಿಕ್ಷಣ ಪಡೆದು, ಮಗುವಿನ ಮನೆ, ಶಾಲೆ, ವೈದ್ಯರನ್ನು ವಿಚಾರಿಸಿ, ಅದರ ಹಿತವಾವುದೆಂದು ನ್ಯಾಯಾಲಯಕ್ಕೆ ಬರೆದು ತಿಳಿಸುತ್ತಾರೆ. ಇಷ್ಟು ಉದಾತ್ತವಾದ ಲೋಕಸೇವೆ ವಿರಳವಾದುದರಿಂದಲೇ ಅದರ ಹೊಸ್ತಿಲಲ್ಲಿ ನಡೆಯುವ ಪರೀಕ್ಷೆಯ ದೋಷ ನನ್ನನ್ನು ಬಾಧಿಸುತ್ತದೆ.

ಪರೀಕ್ಷೆ ಕಠಿನವಾಗಿರತಕ್ಕದ್ದು; ನೊಂದ ಮಗುವಿನ ಬಳಿಗೆ ಹೋಗುವ ಅಧಿಕಾರವನ್ನು ಯಾರ ಕೈಗೂ ಸುಲಭವಾಗಿ ಕೊಡಲಾಗದು. ಆದರೆ ಅಪರಾಧ ದಾಖಲೆ, ಲೈಂಗಿಕ ಅಪರಾಧಿಗಳ ಪಟ್ಟಿ, ಅಲ್ಲಿ ಗುರುತಿಗಾಗಿ ಬಳಸುವ ಸೋಶಿಯಲ್ ಸೆಕ್ಯುರಿಟಿ ನಂಬರಿನ ತಾಳೆ ಮೊದಲಾದುವೆಲ್ಲ ಅಭ್ಯರ್ಥಿಯ ಬಾಳು ಅಮೆರಿಕದಲ್ಲಿಯೇ ಕಳೆದಿದೆಯೆಂಬ ಊಹೆಯ ಮೇಲೆ ನಿಂತಿವೆ. ಮೈಸೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದು, ಪತಿಯ ಉದ್ಯೋಗನಿಮಿತ್ತ ಎಚ್-4 ವೀಸಾದ ಮೇಲೆ ಸಿಯಾಟಲ್ಲಿನ ನೆರೆಯ ರೆಡ್ಮಂಡಿಗೆ ಹೋದ ಒಬ್ಬ ಮಹಿಳೆಯನ್ನು ಭಾವಿಸಿಕೊಳ್ಳೋಣ. ಉದ್ಯೋಗಾನುಮತಿಯಿಲ್ಲದ ಆಕೆಗೆ ಆ ನಂಬರು ದೊರೆಯದು; ತೆರಿಗೆಯ ಲೆಕ್ಕಕ್ಕಾಗಿ ಕೊಡುವ ಐಟಿಐಎನ್ ಸಂಖ್ಯೆ ಗುರುತಿನ ಆಧಾರವಾಗಲಾರದು. ಅರ್ಜಿಯ ಒಂದು ಅಂಕಣ ಬರಿದಾಗಿ ಉಳಿದ ಮಾತ್ರಕ್ಕೆ ಮಕ್ಕಳ ಮನಸ್ಸನ್ನು ಬಲ್ಲ ಇಂಥವರನ್ನು ಹಿಂದಕ್ಕೆ ಕಳುಹಿಸುವುದು ಅವಿವೇಕ.

ಇದಕ್ಕಿಂತಲೂ ಅಪಾಯಕರವಾದುದು ಇನ್ನೊಂದು ಪ್ರಮಾದ. ಬೆರಳಚ್ಚನ್ನು ಎಫ್‌ಬಿಐಗೆ ಕಳುಹಿಸಿದಾಗ ಬರುವ ‘ದಾಖಲೆಯಿಲ್ಲ’ ಎಂಬ ಉತ್ತರವನ್ನು ಶೀಲದ ಪ್ರಮಾಣವೆಂದೇ ಎಣಿಸುವುದು ಅದು. ಕಳೆದ ವರ್ಷವಷ್ಟೇ ವಿಮಾನವಿಳಿದವರ ಹೆಸರಿನಲ್ಲಿ ಅಲ್ಲಿ ದಾಖಲೆಯಾದರೂ ಎಲ್ಲಿಂದ ಬಂದೀತು? ಅವರು ಬೆಳೆದು ಬಾಳಿದ ಊರನ್ನು ಯಾರೂ ಕೇಳಲಿಲ್ಲ. ಭಾರತೀಯರಾದರೆ ಪಾಸ್‌ಪೋರ್ಟ್ ಕಚೇರಿಯಿಂದಲೋ ಅಮೆರಿಕದಲ್ಲಿರುವ ಭಾರತೀಯ ಕಾನ್ಸುಲೇಟಿನಿಂದಲೋ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ತರಿಸಬಹುದು. ಅದೂ ಮುದ್ರೆಯೊತ್ತಿದ ಕಾಗದವೇ. ಹಿಂದಿನ ಮುಖ್ಯೋಪಾಧ್ಯಾಯರೊಡನೆ ಅರ್ಧ ಗಂಟೆ ಫೋನಿನಲ್ಲಿ ಮಾತನಾಡಿದರೆ ತಿಳಿಯುವಷ್ಟು ಅದರಿಂದ ತಿಳಿಯದು. ಇನ್ನು ತಮ್ಮ ಸರ್ಕಾರದ ಹಿಂಸೆಗೆ ಅಂಜಿ ಓಡಿಬಂದ ನಿರಾಶ್ರಿತರಿಂದ ಅದೇ ಸರ್ಕಾರದ ಪೊಲೀಸರ ಪತ್ರವನ್ನು ಕೇಳುವುದಂತೂ ಕ್ರೌರ್ಯವೇ ಸರಿ. ಅವರ ವಿಷಯದಲ್ಲಿ ದೀರ್ಘ ಸಂದರ್ಶನ, ಬಲ್ಲವರ ಸಾಕ್ಷ್ಯ, ಮೊದಲ ತಿಂಗಳುಗಳ ನಿಕಟವಾದ ಮೇಲ್ವಿಚಾರಣೆ ಇವೇ ಗತಿ.

ನಿಜವಾಗಿ ಕೇಳತಕ್ಕ ಪ್ರಶ್ನೆ ಪೌರತ್ವದ್ದಲ್ಲ, ಕಾಲಾವಧಿಯದು. ಒಂದು ಮಗುವಿನ ಪ್ರಕರಣ ವರ್ಷಕ್ಕೂ ಮೀರಿ ನಡೆಯುವುದುಂಟು. ಪತಿಯ ಕೆಲಸ ಹೋದರೆ ಎಚ್-4 ಕುಟುಂಬಕ್ಕೆ ಸಾಮಾನ್ಯವಾಗಿ ಉಳಿಯುವ ಅವಕಾಶ 60 ದಿನ. ಹಿರಿಯರೊಬ್ಬೊಬ್ಬರಾಗಿ ಕೈಬಿಟ್ಟುಹೋಗುವುದನ್ನು ಕಂಡ ಮಗು ಇನ್ನೊಂದು ಅಗಲಿಕೆಯನ್ನು ತಾಳಬೇಕಾಗಿ ಬರುವುದು ಸಣ್ಣ ಮಾತಲ್ಲ. ಎಷ್ಟು ಕಾಲ ಈ ಊರಿನಲ್ಲಿರಬಲ್ಲಿರೆಂದು ಮೊದಲ ಸಂದರ್ಶನದಲ್ಲಿಯೇ, ಊರು ಬಿಡಬಹುದಾದ ನಾಗರಿಕರನ್ನೂ ಸೇರಿಸಿ, ಎಲ್ಲರನ್ನೂ ಕೇಳಬೇಕು. ಉತ್ತರ ಅನಿಶ್ಚಿತವಾದಲ್ಲಿ ಅವರನ್ನು ನಿರಾಕರಿಸದೆ, ಮಗುವಿನ ಮೊದಲ ಭೇಟಿಯಿಂದಲೇ ಇನ್ನೊಬ್ಬ ಸ್ವಯಂಸೇವಕರನ್ನು ಜೊತೆಗೆ ಕಳುಹಿಸಬೇಕು.