ಚುನಾವಣಾಪೂರ್ವ ಮೈತ್ರಿಯ ಲೆಕ್ಕ ಮತ್ತು ವಿಜಯಪುರದ ಮತಗಟ್ಟೆ

ಮತದಾನಕ್ಕೆ ಮೊದಲೇ ಕೈಜೋಡಿಸುವ ಪಕ್ಷಗಳನ್ನು ಪ್ರಾಮಾಣಿಕವೆಂದೂ, ಫಲಿತಾಂಶ ಬಂದ ಮೇಲೆ ಒಂದಾಗುವ ಪಕ್ಷಗಳನ್ನು ಅವಕಾಶವಾದಿಗಳೆಂದೂ ವಿಂಗಡಿಸುವುದು ಕರ್ನಾಟಕದ ರಾಜಕೀಯ ವಿಶ್ಲೇಷಣೆಯಲ್ಲಿ ರೂಢಿಯಾಗಿದೆ. 2004, 2006 ಮತ್ತು 2018ರ ಸಮ್ಮಿಶ್ರ ಸರ್ಕಾರಗಳ ಕಥೆ ಎಲ್ಲರಿಗೂ ತಿಳಿದದ್ದೇ. ಆದರೆ ಅವುಗಳ ಅಪಕೀರ್ತಿಯ ಎದುರು ಚುನಾವಣಾಪೂರ್ವ ಮೈತ್ರಿಗೆ, ಅಂದರೆ ಸೀಟುಗಳನ್ನು ಮೊದಲೇ ಹಂಚಿಕೊಂಡು ಒಬ್ಬನೇ ಅಭ್ಯರ್ಥಿಯನ್ನು ನಿಲ್ಲಿಸುವ ಕ್ರಮಕ್ಕೆ, ದೊರೆತಿರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು ಎಂಬುದನ್ನು ವಿಜಯಪುರ ಜಿಲ್ಲೆಯ ಫಲಿತಾಂಶಗಳು ತೋರಿಸುತ್ತವೆ.

2018ರಲ್ಲಿ ಜಿಲ್ಲೆಯ ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಕಾಂಗ್ರೆಸ್ಸಿಗೆ ಮೂರು, ಬಿಜೆಪಿಗೆ ಮೂರು, ಜೆಡಿಎಸ್‌ಗೆ ಎರಡು ದಕ್ಕಿದವು. ಅದೇ ಎಂಟು ಕ್ಷೇತ್ರಗಳು ಸೇರಿಯೇ ಬಿಜಾಪುರ ಲೋಕಸಭಾ ಮೀಸಲು ಕ್ಷೇತ್ರವಾಗುವುದರಿಂದ, 2019ರಲ್ಲಿ ಕಾಂಗ್ರೆಸ್ ಆ ಸೀಟನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟಾಗ ಕಾಗದದ ಮೇಲೆ ಎಂಟರಲ್ಲಿ ಐದು ಕ್ಷೇತ್ರಗಳು ಮೈತ್ರಿಯ ಪಾಲಿಗಿದ್ದವು, ಸಾಲದ್ದಕ್ಕೆ ಎಂ. ಬಿ. ಪಾಟೀಲ, ಶಿವಾನಂದ ಪಾಟೀಲ ಮತ್ತು ಎಂ. ಸಿ. ಮನಗೂಳಿ ಈ ಮೂವರೂ ಒಂದೇ ಸಂಪುಟದಲ್ಲಿದ್ದರು. ಹಾಗಿದ್ದೂ ಮೈತ್ರಿ ಅಭ್ಯರ್ಥಿ ಸುನೀತಾ ಚವ್ಹಾಣ ಅವರು ಬಿಜೆಪಿಯ ರಮೇಶ ಜಿಗಜಿಣಗಿಯವರ ಎದುರು ಸುಮಾರು 2.58 ಲಕ್ಷ ಮತಗಳಿಂದ ಸೋತರು.

ಇದಕ್ಕೆ ಕಾರಣ ಹುಡುಕುವವರು ಒಂದು ವರ್ಷ ಹಿಂದಕ್ಕೆ ಹೋಗಿ ಎರಡನೆಯ ಸ್ಥಾನದಲ್ಲಿ ಯಾರಿದ್ದರೆಂದು ನೋಡಬೇಕು. ಮುದ್ದೇಬಿಹಾಳದಲ್ಲಿ ಮೊದಲ ಎರಡು ಸ್ಥಾನಗಳು ಬಿಜೆಪಿ ಮತ್ತು ಕಾಂಗ್ರೆಸ್ಸಿಗೆ ಹೋಗಿದ್ದರಿಂದ ಅಲ್ಲಿ ಮೈತ್ರಿಗೆ ತೊಡಕಿರಲಿಲ್ಲ. ಇಂಡಿಯಲ್ಲಿ ಕಾಂಗ್ರೆಸ್ಸಿನ ಯಶವಂತರಾಯಗೌಡ ಪಾಟೀಲರ ಹಿಂದೆ ನಿಂತದ್ದು ಜೆಡಿಎಸ್. ಬಸವನ ಬಾಗೇವಾಡಿಯಲ್ಲಿ ಶಿವಾನಂದ ಪಾಟೀಲರು ಮೂರು ಸಾವಿರ ಚಿಲ್ಲರೆ ಮತಗಳ ಅಂತರದಲ್ಲಿ ಸೋಲಿಸಿದ್ದೂ ಜೆಡಿಎಸ್ ಅಭ್ಯರ್ಥಿಯನ್ನೇ. ನಾಗಠಾಣದಲ್ಲಿ ಇದೇ ಪೈಪೋಟಿ ತಿರುಗುಮುರುಗಾಗಿ ಜೆಡಿಎಸ್ ಗೆದ್ದಿತ್ತು. ಗ್ರಾಮ ಪಂಚಾಯಿತಿಯಿಂದ ಪಿಎಲ್‌ಡಿ ಬ್ಯಾಂಕಿನವರೆಗೆ ಪ್ರತಿ ಚುನಾವಣೆಯಲ್ಲೂ ಎದುರುಬದುರು ನಿಲ್ಲುವ ಎರಡು ಬಣಗಳಿಗೆ ಬೆಂಗಳೂರಿನ ಒಪ್ಪಂದ ಸ್ನೇಹವನ್ನು ಕಲಿಸಲಾರದು. ಹೆಚ್ಚು ಮತ ಪಡೆದವರೊಬ್ಬರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಮೈತ್ರಿಯೆಂದರೆ ಒಂದು ಬಣ ತನ್ನ ಚಿಹ್ನೆಯನ್ನೇ ಕಣದಿಂದ ತೆಗೆಯುವುದು. ಹಾಗೆ ತೆರವಾದ ಮತ ಊರೊಳಗಿನ ಎದುರಾಳಿಯನ್ನು ಬಿಟ್ಟು ಮೂರನೆಯವನನ್ನು ಹುಡುಕುತ್ತದೆ.

ಇದೆಲ್ಲ ಮೋದಿ ಅಲೆಯ ಫಲ, ಮೈತ್ರಿಯ ದೋಷವಲ್ಲ ಎನ್ನುವ ವಿಮರ್ಶಕರಿದ್ದಾರೆ. ರಾಜ್ಯದ 28 ಸೀಟುಗಳಲ್ಲಿ ಬಿಜೆಪಿ 25ನ್ನು ಗೆದ್ದ ವರ್ಷದಲ್ಲಿ ಅಲೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಅಲೆಯನ್ನು ತಡೆಯುವುದಕ್ಕೆಂದೇ ಕಟ್ಟಿದ ಮೈತ್ರಿ ಮುರಿದುಬಿದ್ದಾಗ ಅಲೆಯನ್ನೇ ಸಮರ್ಥನೆಯಾಗಿ ಒಡ್ಡುವುದು ವಿಚಿತ್ರ ತರ್ಕ. ಇದೇ ವಿಮರ್ಶಕರು ಮಾದರಿಯೆಂದು ಮೆಚ್ಚಬಹುದಾದ ಮಾರಿಷಸ್‌ನಲ್ಲಿ ಅಲೆಯ ನೆಪವೂ ದೊರೆಯದು. ಆಫ್ರಿಕಾದ ಈ ಪುಟ್ಟ ಪ್ರಜಾಪ್ರಭುತ್ವದಲ್ಲಿ ಮುಖ್ಯ ದ್ವೀಪದ 20 ಕ್ಷೇತ್ರಗಳು ತಲಾ ಮೂವರನ್ನು ಆರಿಸುತ್ತವೆ, ಪ್ರತಿ ಮತದಾರನಿಗೂ ಮೂರು ಮತಗಳಿರುತ್ತವೆ. ಆದ್ದರಿಂದ ಮಿತ್ರಪಕ್ಷಗಳು ಒಂದೇ ಕ್ಷೇತ್ರದಲ್ಲಿ ತಮ್ಮ ತಮ್ಮವರನ್ನು ನಿಲ್ಲಿಸಬಹುದು, ಯಾರೂ ಕಣದಿಂದ ಮಾಯವಾಗಬೇಕಾಗಿಲ್ಲ. ಇಂಡಿಗೆ ಇಲ್ಲದ ಇಷ್ಟು ಅನುಕೂಲವಿದ್ದೂ 2014ರಲ್ಲಿ ಅಲ್ಲಿನ ಎರಡು ದೊಡ್ಡ ಪಕ್ಷಗಳಾದ ಲೇಬರ್ ಮತ್ತು ಎಂಎಂಎಂ ಒಂದಾಗಿ 62ರಲ್ಲಿ 13 ಸೀಟುಗಳಿಗೆ ಕುಸಿದವು.

ಮತವು ಪಕ್ಷದ ಗಂಟು, ಅದನ್ನು ಹೈಕಮಾಂಡ್ ಎತ್ತಿ ಬೇರೆಯವರಿಗೆ ಕೊಡಬಹುದು ಎಂಬ ನಂಬಿಕೆಯೇ ಈ ಲೆಕ್ಕದ ಬುಡದಲ್ಲಿರುವ ತಪ್ಪು. ಸಿಂದಗಿಯಲ್ಲಿ 2018ರಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದ ಎಂ. ಸಿ. ಮನಗೂಳಿಯವರು 2021ರ ಜನವರಿಯಲ್ಲಿ ತೀರಿಕೊಂಡ ನಂತರ ಅವರ ಮಗ ಅಶೋಕ ಮನಗೂಳಿ ಕಾಂಗ್ರೆಸ್ ಸೇರಿದರು. ಆ ಅಕ್ಟೋಬರಿನ ಉಪಚುನಾವಣೆಯಲ್ಲಿ, ಮೂರು ವರ್ಷದ ಹಿಂದೆ ಕ್ಷೇತ್ರವನ್ನು ಗೆದ್ದಿದ್ದ ಜೆಡಿಎಸ್‌ಗೆ ಐದು ಸಾವಿರ ಮತವೂ ಬರದೆ ಠೇವಣಿ ಹೋಯಿತು. ಬಿಜೆಪಿಯ ರಮೇಶ ಭೂಸನೂರ ಆಗ ಗೆದ್ದರು, 2023ರಲ್ಲಿ ಕಾಂಗ್ರೆಸ್ಸಿನಿಂದ ಅಶೋಕ ಮನಗೂಳಿ ಗೆದ್ದರು.

ಹಾಗೆ ನೋಡಿದರೆ ಬಹಳ ಬೈಸಿಕೊಂಡ ಚುನಾವಣೋತ್ತರ ಮೈತ್ರಿಗೆ ಒಂದು ಗುಣವಿದೆ: ಅದು ಬಾಗೇವಾಡಿಯ ಮತದಾರನ ಮುಂದಿದ್ದ ಹೆಸರುಗಳಲ್ಲಿ ಒಂದನ್ನೂ ಅಳಿಸಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಜೆಡಿಎಸ್ ಎನ್‌ಡಿಎ ಸೇರಿದಾಗ ಹಳೆಯ ಕೂಡುವ ಲೆಕ್ಕವನ್ನೇ ಎದುರು ಪಾಳಯ ಮಾಡಿತು; 2024ರಲ್ಲಿ ಜೆಡಿಎಸ್ ಬೆಂಬಲವೂ ಸೇರಿ ನಿಂತ ಜಿಗಜಿಣಗಿಯವರ ಗೆಲುವಿನ ಅಂತರ ಎರಡೂವರೆ ಲಕ್ಷದಿಂದ ಸುಮಾರು 77 ಸಾವಿರಕ್ಕೆ ಇಳಿಯಿತು.